ಸೇನಾ ನೆಲೆಯ ನಲ್ಲಿ ನೀರು ಮತ್ತು ಸಿಬ್ಬಂದಿಯ ಪರಿಸರ ಅರಿವು

ಪ್ರತಿ ವರ್ಷ ಜೂನ್ 5ರಂದು ಕಚೇರಿಗಳ ಆವರಣದಲ್ಲಿ ಸಸಿ ನೆಡಲಾಗುತ್ತದೆ, ಪ್ರತಿಜ್ಞೆ ಬೋಧಿಸಲಾಗುತ್ತದೆ, ಶಾಲಾ ಮಕ್ಕಳಿಂದ ಜಾಥಾ ನಡೆಯುತ್ತದೆ. ಸಿಬ್ಬಂದಿಯ ಪರಿಸರ ಜಾಗೃತಿ ಎಂದರೆ ಇಷ್ಟೇ ಎಂಬ ಭಾವನೆ ಸಾಮಾನ್ಯವಾಗಿ ಬೇರೂರಿದೆ. ಈ ಕಾರ್ಯಕ್ರಮಗಳು ಬೇಡವೆಂದಲ್ಲ. ಆದರೆ 'ಪರಿಸರ ನಿರ್ವಹಣಾ ವ್ಯವಸ್ಥೆ' ಎಂಬ ಹೆಸರಿನಲ್ಲಿ ಕಾರ್ಖಾನೆಗಳು, ಬಂದರುಗಳು, ಸೇನಾ ನೆಲೆಗಳು ತಮ್ಮ ಸಿಬ್ಬಂದಿಗೆ ನೀಡುವ ಅರಿವಿನ ಸ್ವರೂಪವೇ ಬೇರೆ. ಅಲ್ಲಿ ಸಸಿಯ ಮಾತು ಕಡಿಮೆ. ಡ್ರಮ್ಮಿನ ಮುಚ್ಚಳ, ಎಣ್ಣೆ ಒರೆಸಿದ ಬಟ್ಟೆ, ಚರಂಡಿಯ ಬಾಯಿ, ಗೋಡೆಯ ಮೇಲಿನ ದೂರವಾಣಿ ಸಂಖ್ಯೆ ಇವುಗಳ ಮಾತೇ ಹೆಚ್ಚು.

ಅಂತಹ ವ್ಯವಸ್ಥೆ ಏಕೆ ಬೇಕಾಯಿತು ಎಂಬುದನ್ನು ತಿಳಿಯಲು ಅಮೆರಿಕದ ಉತ್ತರ ಕ್ಯಾರೊಲಿನಾ ರಾಜ್ಯದಲ್ಲಿರುವ ಕ್ಯಾಂಪ್ ಲೆಜೂನ್ ಎಂಬ ಸೇನಾ ನೆಲೆಯ ವೃತ್ತಾಂತ ತಕ್ಕ ಉದಾಹರಣೆಯಾಗಿದೆ. ಅಲ್ಲಿ ಜನರಿಗೆ ಹಾನಿ ಮಾಡಿದ್ದು ಮದ್ದುಗುಂಡುಗಳಲ್ಲ, ಮನೆಯ ನಲ್ಲಿಯಲ್ಲಿ ಬರುತ್ತಿದ್ದ ನೀರು. ಕೊಳವೆಬಾವಿಯಿಂದ ನೀರೆತ್ತಿ, ಒಂದೆಡೆ ಕೂಡಿಸಿ, ಕ್ಲೋರಿನ್ ಬೆರೆಸಿ ಮನೆಮನೆಗೆ ಬಿಡುವ ಕೆಲಸ ಗ್ರಾಮ ಪಂಚಾಯಿತಿಗಳಿಗೆ ನಿತ್ಯದ್ದಾದ್ದರಿಂದ, ದೂರದ ಈ ಪ್ರಕರಣ ಇಲ್ಲಿನ ಸಿಬ್ಬಂದಿಗೆ ಅಷ್ಟೇನೂ ಅಪರಿಚಿತವೆನಿಸದು.

ನೆಲೆ ಮತ್ತು ಅದರ ಬಾವಿಗಳು

ಅಮೆರಿಕದ ಮರೀನ್ ಪಡೆಗೆ ಸೇರಿದ ಈ ನೆಲೆಯ ನಿರ್ಮಾಣ 1941ರಲ್ಲಿ ಆರಂಭವಾಯಿತು. ಅಟ್ಲಾಂಟಿಕ್ ಕರಾವಳಿಯಲ್ಲಿ, ನ್ಯೂ ರಿವರ್ ಎಂಬ ನದಿ ಸಮುದ್ರ ಸೇರುವೆಡೆಯಲ್ಲಿ ಅದು ಹರಡಿಕೊಂಡಿದೆ. ಬೇಲಿಯೊಳಗಿನ ಪಟ್ಟಣವೆಂದೇ ಅದನ್ನು ಭಾವಿಸಬಹುದು. ಯೋಧರ ಬ್ಯಾರಕುಗಳು, ಕುಟುಂಬಗಳ ವಸತಿ, ಶಾಲೆ, ಆಸ್ಪತ್ರೆ, ವಾಹನ ದುರಸ್ತಿ ಶಾಲೆ, ಇಂಧನ ಸಂಗ್ರಹ ಎಲ್ಲವೂ ಅಲ್ಲಿವೆ. ಕುಡಿಯುವ ನೀರಿಗೆ ಅಂತರ್ಜಲವೇ ಆಧಾರ. ಹಲವು ಬಾವಿಗಳ ನೀರನ್ನು ಒಂದೊಂದು ಶುದ್ಧೀಕರಣ ಘಟಕಕ್ಕೆ ತಂದು, ಅಲ್ಲಿಂದ ಆಯಾ ವಸತಿ ಪ್ರದೇಶಕ್ಕೆ ಹಂಚಲಾಗುತ್ತಿತ್ತು. ಕರಾವಳಿಯ ಮರಳು ಮಣ್ಣಾದ್ದರಿಂದ ಮೇಲೆ ಚೆಲ್ಲಿದ್ದು ಕೆಳಗಿಳಿಯಲು ಹೆಚ್ಚು ತಡೆಯಿರಲಿಲ್ಲ.

ಮಾಲಿನ್ಯ ಎರಡು ದಿಕ್ಕಿನಿಂದ ಬಂದಿತು. ಟರಾವಾ ಟೆರೇಸ್ ಎಂಬ ಕುಟುಂಬ ವಸತಿ ಪ್ರದೇಶದ ಬಾವಿಗಳಿಗೆ ನೆಲೆಯ ಬೇಲಿಯ ಹೊರಗಿದ್ದ ಒಂದು ಡ್ರೈ ಕ್ಲೀನಿಂಗ್ ಅಂಗಡಿಯಿಂದ ಪರ್ಕ್ಲೋರೋಎಥಿಲೀನ್ ಎಂಬ ದ್ರಾವಕ ಸೇರಿತು. ಬಟ್ಟೆ ಒಗೆಯಲು ನೀರಿನ ಬದಲು ಬಳಸುವ ದ್ರವವಿದು. ಅಂಗಡಿಯ ಕೊಳಕು ದ್ರವ ಸೆಪ್ಟಿಕ್ ಟ್ಯಾಂಕಿಗೆ ಹೋಗುತ್ತಿತ್ತು, ಉಳಿದ ಗಸಿಯನ್ನು ಅಂಗಳದ ಗುಂಡಿಗಳನ್ನು ಮುಚ್ಚಲು ಸುರಿಯಲಾಗುತ್ತಿತ್ತು. ಹ್ಯಾಡ್ನಾಟ್ ಪಾಯಿಂಟ್ ಎಂಬ ಮತ್ತೊಂದು ಭಾಗದಲ್ಲಿ ಮಾಲಿನ್ಯ ನೆಲೆಯೊಳಗಿನದ್ದೇ ಆಗಿತ್ತು. ಯಂತ್ರಭಾಗಗಳ ಜಿಡ್ಡು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್, ಸೋರುತ್ತಿದ್ದ ಭೂಗತ ಇಂಧನ ತೊಟ್ಟಿಗಳಿಂದ ಬಂದ ಬೆಂಜೀನ್, ತ್ಯಾಜ್ಯ ಹೂಳಿದ ಜಾಗಗಳ ಬಸಿಯುವಿಕೆ ಇವೆಲ್ಲ ಅಂತರ್ಜಲಕ್ಕೆ ಸೇರಿದವು. ಎಣ್ಣೆ ಚೆಲ್ಲಿದವರಲ್ಲಿ ಯಾರೂ ಬಾವಿಗೆ ವಿಷ ಹಾಕಬೇಕೆಂದು ಹಾಕಲಿಲ್ಲ. ಅಂದಿನ ಕಾಲದಲ್ಲಿ ದುರಸ್ತಿ ಶಾಲೆಗಳಲ್ಲಿ ಎಲ್ಲರೂ ಮಾಡುತ್ತಿದ್ದುದನ್ನೇ ಅವರೂ ಮಾಡಿದರು.

ಈ ದ್ರಾವಕಗಳ ಗುಣವನ್ನು ಸ್ವಲ್ಪ ವಿವರವಾಗಿ ನೋಡಬೇಕು. ಟ್ರೈಕ್ಲೋರೋಎಥಿಲೀನ್ ನೀರಿಗಿಂತ ಸುಮಾರು ಒಂದೂವರೆ ಪಟ್ಟು ಭಾರವಾದದ್ದು. ಸೀಮೆಎಣ್ಣೆಯಂತೆ ನೀರಿನ ಮೇಲೆ ತೇಲುವುದಿಲ್ಲ, ಜಲಸ್ತರದ ಅಡಿಗೆ ಇಳಿದು ಕೂರುತ್ತದೆ. ಅಲ್ಲಿಂದ ವರ್ಷಾನುಗಟ್ಟಲೆ ಅಷ್ಟಷ್ಟೇ ಕರಗುತ್ತಾ ಬಾವಿಯತ್ತ ಸರಿಯುತ್ತದೆ. ನೀರಿಗೆ ಬಣ್ಣ ಬರುವುದಿಲ್ಲ, ಕ್ಲೋರಿನ್‌ನಿಂದ ಅದು ನಾಶವಾಗುವುದೂ ಇಲ್ಲ. ಬಿಸಿನೀರಿನಿಂದ ಆವಿಯಾಗಿ ಏಳುವುದರಿಂದ ಸ್ನಾನ ಮಾಡುವವರು ಅದನ್ನು ಉಸಿರಿನಲ್ಲಿಯೂ ಎಳೆದುಕೊಳ್ಳುತ್ತಾರೆ. ಅಮೆರಿಕದಲ್ಲಿ ಇಂದು ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಲೀಟರಿಗೆ 5 ಮೈಕ್ರೋಗ್ರಾಂ. ಇದು ಎಷ್ಟು ಸಣ್ಣ ಪ್ರಮಾಣವೆಂದು ಲೆಕ್ಕ ಹಾಕಬಹುದು. 50,000 ಲೀಟರ್ ಸಾಮರ್ಥ್ಯದ ಓವರ್‌ಹೆಡ್ ಟ್ಯಾಂಕಿನ ನೀರು ಈ ಮಿತಿಯನ್ನು ಮುಟ್ಟಲು ಕಾಲು ಗ್ರಾಂ ದ್ರಾವಕ ಸಾಕು, ಅಂದರೆ ಸುಮಾರು ಮೂರು ನಾಲ್ಕು ಹನಿ. ಹ್ಯಾಡ್ನಾಟ್ ಪಾಯಿಂಟ್‌ನ ನಲ್ಲಿ ನೀರಿನಲ್ಲಿ 1982ರ ಮೇ ತಿಂಗಳಲ್ಲಿ ದೊರೆತ ಪ್ರಮಾಣ ಲೀಟರಿಗೆ 1,400 ಮೈಕ್ರೋಗ್ರಾಂ.

ಕಾಗದದಲ್ಲಿ ಇದ್ದ ಎಚ್ಚರಿಕೆ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಗಮನಿಸಬೇಕಾದದ್ದು 1980ರಿಂದ 1985ರವರೆಗಿನ ಘಟನಾವಳಿ. ನೀರಿನಲ್ಲಿರುವ ಸಾವಯವ ಪದಾರ್ಥದೊಂದಿಗೆ ಕ್ಲೋರಿನ್ ಕೂಡಿದಾಗ ಟ್ರೈಹ್ಯಾಲೋಮೀಥೇನ್ ಎಂಬ ಉಪೋತ್ಪನ್ನಗಳು ಉಂಟಾಗುತ್ತವೆ. ಅವುಗಳಿಗೆ ಮಿತಿ ವಿಧಿಸುವ ನಿಯಮ 1979ರಲ್ಲಿ ಹೊರಬಂದ ಕಾರಣ, 1980ರ ಅಕ್ಟೋಬರಿನಿಂದ ಕ್ಯಾಂಪ್ ಲೆಜೂನ್‌ನ ನೀರಿನ ಮಾದರಿಗಳನ್ನು ಸೇನೆಯ ಒಂದು ಪ್ರಯೋಗಾಲಯ ಪರೀಕ್ಷಿಸತೊಡಗಿತು. ಹುಡುಕಿದ್ದು ಒಂದನ್ನು, ಕಂಡದ್ದು ಇನ್ನೊಂದನ್ನು. ಬೇರೆ ಯಾವುದೋ ಕ್ಲೋರಿನ್‌ಯುಕ್ತ ದ್ರಾವಕಗಳು ಹೇರಳವಾಗಿದ್ದು ಪರೀಕ್ಷೆಗೆ ಅಡ್ಡಿಯಾಗುತ್ತಿವೆ ಎಂದು ಪ್ರಯೋಗಾಲಯದವರು ಫಲಿತಾಂಶದ ನಮೂನೆಯಲ್ಲಿಯೇ ಕೈಬರಹದಲ್ಲಿ ಬರೆದರು. 1981ರಲ್ಲಿಯೂ ಮತ್ತೆ ಬರೆದರು. 1982ರಲ್ಲಿ ಒಂದು ಖಾಸಗಿ ಪ್ರಯೋಗಾಲಯ ಆ ದ್ರಾವಕಗಳ ಹೆಸರನ್ನೂ ಪ್ರಮಾಣವನ್ನೂ ಪತ್ರಮುಖೇನ ತಿಳಿಸಿತು.

ಆದರೂ ಬಾವಿಗಳು ಮುಚ್ಚಲಿಲ್ಲ. ಇದಕ್ಕೆ ಒಂದೇ ಕಾರಣವಿರಲಿಲ್ಲ. ಆ ರಾಸಾಯನಿಕಗಳಿಗೆ ಅಂದು ಕಾನೂನುಬದ್ಧ ಮಿತಿ ಇರಲಿಲ್ಲ. ಟ್ರೈಕ್ಲೋರೋಎಥಿಲೀನ್‌ಗೆ ಮಿತಿ ಪ್ರಕಟವಾದದ್ದು 1987ರಲ್ಲಿ. ನಿಯಮದ ಉಲ್ಲಂಘನೆ ಇಲ್ಲವಾದ್ದರಿಂದ ಕ್ರಮವೂ ಬೇಕಿಲ್ಲ ಎಂಬಂತೆ ಕಡತ ಸಾಗಿತು. ಎರಡನೆಯದಾಗಿ, ಬಾವಿಗಳನ್ನು ಸರದಿಯಂತೆ ಚಾಲನೆ ಮಾಡಲಾಗುತ್ತಿತ್ತು. ಕೆಟ್ಟ ಬಾವಿ ನಡೆಯುತ್ತಿದ್ದ ದಿನ ಮಾದರಿ ತೆಗೆದರೆ ಪ್ರಮಾಣ ವಿಪರೀತ, ಅದು ನಿಂತಿದ್ದ ದಿನ ತೆಗೆದರೆ ಅತ್ಯಲ್ಪ. ಎಲ್ಲ ಬಾವಿಗಳ ನೀರೂ ಘಟಕದಲ್ಲಿ ಬೆರೆಯುತ್ತಿದ್ದುದರಿಂದ ಯಾವ ಬಾವಿ ಕೆಟ್ಟಿದೆ ಎಂಬುದು ನಲ್ಲಿ ನೀರಿನ ಪರೀಕ್ಷೆಯಿಂದ ತಿಳಿಯುವಂತಿರಲಿಲ್ಲ. ಬಾವಿಗಳನ್ನು ಒಂದೊಂದಾಗಿ ಪರೀಕ್ಷಿಸಬೇಕಿತ್ತು, ಆ ಕೆಲಸ 1984ರವರೆಗೆ ನಡೆಯಲಿಲ್ಲ. ನಡೆದಾಗ ಒಂದು ಬಾವಿಯಲ್ಲಿ ಲೀಟರಿಗೆ 380 ಮೈಕ್ರೋಗ್ರಾಂ ಬೆಂಜೀನ್ ಕಂಡುಬಂದಿತು. 1984ರ ನವೆಂಬರ್ ಕೊನೆಯಲ್ಲಿ ಬಾವಿಗಳನ್ನು ನಿಲ್ಲಿಸುವ ಕಾರ್ಯ ಮೊದಲಾಗಿ, 1985ರ ಫೆಬ್ರವರಿ ವೇಳೆಗೆ ಅತಿ ಹೆಚ್ಚು ಕೆಟ್ಟ ಬಾವಿಗಳು ನಿಂತವು.

ಆ ನಡುವೆ ನಡೆದ ಒಂದು ಪ್ರಸಂಗವನ್ನು ನೀರು ಸರಬರಾಜಿನಲ್ಲಿ ತೊಡಗಿದವರು ಅಗತ್ಯವಾಗಿ ತಿಳಿದಿರಬೇಕು. 1985ರ ಜನವರಿಯಲ್ಲಿ ಹೋಲ್ಕೊಂಬ್ ಬುಲೆವಾರ್ಡ್ ಎಂಬ ಮತ್ತೊಂದು ಘಟಕದಲ್ಲಿ ಜನರೇಟರಿನ ಇಂಧನ ಸೋರಿ ನೀರಿಗೆ ಸೇರಿತು. ಘಟಕವನ್ನು ಸುಮಾರು ಹನ್ನೆರಡು ದಿನ ನಿಲ್ಲಿಸಿ, ಆ ಪ್ರದೇಶದ ಮನೆಗಳಿಗೆ ಹ್ಯಾಡ್ನಾಟ್ ಪಾಯಿಂಟ್‌ನಿಂದ ನೀರು ತಿರುಗಿಸಲಾಯಿತು. ಒಂದು ಮಾಲಿನ್ಯದಿಂದ ಪಾರು ಮಾಡಲು ಕೈಗೊಂಡ ಕ್ರಮವಿದು. ಜನವರಿ 31ರಂದು ಅಲ್ಲಿನ ಪ್ರಾಥಮಿಕ ಶಾಲೆಯೊಂದರ ನಲ್ಲಿಯಿಂದ ತೆಗೆದ ಮಾದರಿಯಲ್ಲಿ ಲೀಟರಿಗೆ 1,148 ಮೈಕ್ರೋಗ್ರಾಂ ಟ್ರೈಕ್ಲೋರೋಎಥಿಲೀನ್ ದೊರೆಯಿತು. ಹುಡುಕಿದಾಗ, ಹಳೆಯ ಸಾಮಗ್ರಿ ವಿಲೇವಾರಿ ಅಂಗಳದ ಸಮೀಪದ ಒಂದು ಬಾವಿ ಇನ್ನೂ ಚಾಲನೆಯಲ್ಲಿದ್ದುದು ತಿಳಿಯಿತು. ಕವಾಟ ತಿರುಗಿಸಿದವರಿಗೆ ಬಾವಿಯ ಸಂಗತಿ ತಿಳಿದಿರಲಿಲ್ಲವೋ, ತಿಳಿದಿದ್ದವರಿಗೆ ಕವಾಟದ ಸಂಗತಿ ತಿಳಿಯಲಿಲ್ಲವೋ, ಪರಿಣಾಮವಂತೂ ಒಂದೇ.

ಆ ನೆಲೆಯಲ್ಲಿ 1953ರಿಂದ 1987ರವರೆಗೆ ವಾಸಿಸಿದ ಅಥವಾ ಕೆಲಸ ಮಾಡಿದ ಸುಮಾರು ಹತ್ತು ಲಕ್ಷದವರೆಗಿನ ಜನ ಇಂತಹ ನೀರಿನ ಸಂಪರ್ಕಕ್ಕೆ ಬಂದಿರಬಹುದೆಂದು ಅಂದಾಜಿಸಲಾಗಿದೆ. ಅವರಲ್ಲಿ ಗರ್ಭಿಣಿಯರೂ ಹಸುಳೆಗಳೂ ಇದ್ದರು. ಸೇನಾ ಕುಟುಂಬಗಳು ಎರಡು ಮೂರು ವರ್ಷಗಳಿಗೊಮ್ಮೆ ವರ್ಗವಾಗಿ ಹೋಗುವುದರಿಂದ, ಕಾಯಿಲೆ ಕಾಣಿಸಿಕೊಂಡಾಗ ಅದನ್ನು ಹಳೆಯ ನೆಲೆಯ ನೀರಿಗೆ ಜೋಡಿಸುವವರೇ ಇರಲಿಲ್ಲ. ಜೆರ್ರಿ ಎನ್ಸ್‌ಮಿಂಗರ್ ಎಂಬ ಮರೀನ್ ಯೋಧರ ಮಗಳು ಜೇನಿ ರಕ್ತದ ಕ್ಯಾನ್ಸರಿನಿಂದ 1985ರಲ್ಲಿ ತೀರಿಕೊಂಡಳು. ಅವಳಿಗೆ ಆಗ ಒಂಬತ್ತು ವರ್ಷ. ತಂದೆಗೆ ನೀರಿನ ವಿಷಯ ತಿಳಿದದ್ದು 1997ರಲ್ಲಿ, ದೂರದರ್ಶನದ ವಾರ್ತೆಯ ಮೂಲಕ. ಮುಂದೆ ಅವರು ಮತ್ತು ಇತರರು ನಡೆಸಿದ ದೀರ್ಘ ಹೋರಾಟದ ಫಲವಾಗಿ 2012ರ ಆಗಸ್ಟ್ 6ರಂದು ಅಧ್ಯಕ್ಷ ಬರಾಕ್ ಒಬಾಮ ಸಹಿ ಮಾಡಿದ ಕಾನೂನು, ಅಲ್ಲಿ ವಾಸಿಸಿದ್ದ ಯೋಧರಿಗೂ ಕುಟುಂಬದವರಿಗೂ ನಿರ್ದಿಷ್ಟ ಕಾಯಿಲೆಗಳ ಚಿಕಿತ್ಸಾ ಸೌಲಭ್ಯ ಒದಗಿಸಿತು. ಕಾನೂನಿನಲ್ಲಿ ಜೇನಿಯ ಹೆಸರಿದೆ. 2022ರ ಮತ್ತೊಂದು ಕಾನೂನು ಪರಿಹಾರಕ್ಕಾಗಿ ನ್ಯಾಯಾಲಯಕ್ಕೆ ಹೋಗುವ ಹಕ್ಕನ್ನು ನೀಡಿತು. ನೆಲೆಯನ್ನು 1989ರಲ್ಲಿಯೇ ರಾಷ್ಟ್ರೀಯ ಆದ್ಯತೆಯ ಮಲಿನ ಸ್ಥಳಗಳ ಪಟ್ಟಿಗೆ ಸೇರಿಸಲಾಗಿದೆ.

ವ್ಯವಸ್ಥೆ ಏನನ್ನು ಕೇಳುತ್ತದೆ

ಪರಿಸರ ನಿರ್ವಹಣಾ ವ್ಯವಸ್ಥೆಗೆ ಅಂತರರಾಷ್ಟ್ರೀಯ ಮಾನಕವೊಂದು ಮೊದಲು ಪ್ರಕಟವಾದದ್ದು 1996ರಲ್ಲಿ. ಅದರ ಹೆಸರು ಐಎಸ್‌ಒ 14001. 2004ರಲ್ಲಿಯೂ 2015ರಲ್ಲಿಯೂ ಅದು ಪರಿಷ್ಕೃತವಾಯಿತು. ಅಮೆರಿಕದ ಅಧ್ಯಕ್ಷರು 2000ನೇ ಇಸವಿಯ ಏಪ್ರಿಲ್‌ನಲ್ಲಿ ಹೊರಡಿಸಿದ ಆದೇಶದಂತೆ, ಸೇನೆಯೂ ಸೇರಿ ಕೇಂದ್ರ ಸರ್ಕಾರದ ಸೂಕ್ತ ಕೇಂದ್ರಗಳಲ್ಲೆಲ್ಲ 2005ರ ಡಿಸೆಂಬರ್ 31ರೊಳಗೆ ಇಂತಹ ವ್ಯವಸ್ಥೆ ಜಾರಿಯಾಗಬೇಕಾಯಿತು. ಸೇನಾ ನೆಲೆಗಳಲ್ಲಿ ಸಿಬ್ಬಂದಿಗೆ ಅರಿವು ತರಬೇತಿ ಕಡ್ಡಾಯವಾದದ್ದು ಈ ಹಿನ್ನೆಲೆಯಲ್ಲಿ.

ಈ ಮಾನಕ ಯಾವ ರಾಸಾಯನಿಕಕ್ಕೂ ಮಿತಿ ಹೇಳುವುದಿಲ್ಲ. ಅದು ಕಾನೂನಿನ ಕೆಲಸ. ಸಂಸ್ಥೆಯೊಂದು ತಾನು ಮಾಡುವ ಪ್ರತಿಯೊಂದು ಕೆಲಸವನ್ನೂ ಮುಂದಿಟ್ಟುಕೊಂಡು, ಅದರಲ್ಲಿ ಮಣ್ಣು, ನೀರು, ಗಾಳಿಗಳನ್ನು ತಾಕುವ ಅಂಶ ಯಾವುದು, ಅದರ ಪರಿಣಾಮವೇನು ಎಂದು ಪಟ್ಟಿ ಮಾಡಬೇಕೆಂದು ಅದು ಕೇಳುತ್ತದೆ. ಟ್ಯಾಂಕರಿಗೆ ಡೀಸೆಲ್ ತುಂಬುವುದು ಒಂದು ಕೆಲಸ. ಕೊಳವೆ ಜಾರಿ ಡೀಸೆಲ್ ಚೆಲ್ಲುವ ಸಾಧ್ಯತೆ ಅದರ ಅಂಶ. ಚೆಲ್ಲಿದ ಡೀಸೆಲ್ ಮಳೆನೀರಿನೊಂದಿಗೆ ಹಳ್ಳ ಸೇರುವುದು ಪರಿಣಾಮ. ಹೀಗೆ ಬರೆದ ಪಟ್ಟಿಯಲ್ಲಿ ಹೆಚ್ಚು ಅಪಾಯದವುಗಳನ್ನು ಆರಿಸಿ, ತಡೆಯುವ ಕ್ರಮ ಯೋಜಿಸಿ, ಮಾಡಿ, ಪರಿಶೀಲಿಸಿ, ತಪ್ಪಿದ್ದನ್ನು ತಿದ್ದಿ, ಮತ್ತೆ ಮೊದಲಿಂದ ನೋಡುವುದೇ ಇಡೀ ವ್ಯವಸ್ಥೆ. ಕಾನೂನಿನಲ್ಲಿ ಮಿತಿ ಇಲ್ಲ ಎಂಬ ಕಾರಣಕ್ಕೆ ಅಂಶವೊಂದು ಪಟ್ಟಿಯಿಂದ ಬಿದ್ದುಹೋಗುವುದಿಲ್ಲ. ಕ್ಯಾಂಪ್ ಲೆಜೂನ್‌ನ ಕಡತ ನಿಂತುಹೋದ ಜಾಗ ಸರಿಯಾಗಿ ಇದೇ ಆಗಿತ್ತು.

ಸಿಬ್ಬಂದಿಯ ಅರಿವಿನ ಬಗ್ಗೆ ಮಾನಕದಲ್ಲಿ ಪ್ರತ್ಯೇಕ ಖಂಡವೇ ಇದೆ. ಸಂಸ್ಥೆಯ ಪರಿಸರ ನೀತಿ ಏನು, ತನ್ನ ಕೆಲಸದಿಂದ ಪರಿಸರಕ್ಕೆ ಆಗಬಹುದಾದದ್ದೇನು, ವ್ಯವಸ್ಥೆ ನಡೆಯಲು ತನ್ನ ಪಾಲೇನು, ನಿಯಮ ಮೀರಿದರೆ ಆಗುವುದೇನು ಎಂಬುದು ಪ್ರತಿಯೊಬ್ಬ ಕೆಲಸಗಾರನಿಗೂ ತಿಳಿದಿರಬೇಕು. ಗುತ್ತಿಗೆದಾರರ ಕಡೆಯಿಂದ ಬಂದು ದುಡಿಯುವವರಿಗೂ ಇದು ಅನ್ವಯ. ಗಾರ್ಡು, ಚಾಲಕ, ಅಡುಗೆಯವ, ಗುಮಾಸ್ತ ಯಾರೂ ಹೊರತಲ್ಲ. ನೀತಿಯನ್ನು ಬಾಯಿಪಾಠ ಒಪ್ಪಿಸಬೇಕಿಲ್ಲ. ತಪಾಸಣೆಗೆ ಬಂದವರು ದುರಸ್ತಿ ಶಾಲೆಯ ಕೆಲಸಗಾರನನ್ನು ಕೇಳುವುದು, ಈ ಡ್ರಮ್ಮಿನಲ್ಲಿ ಏನಿದೆ, ತುಂಬಿದ ಮೇಲೆ ಯಾರಿಗೆ ಹೇಳುತ್ತೀರಿ, ಇದು ಉರುಳಿದರೆ ಮೊದಲು ಏನು ಮಾಡುತ್ತೀರಿ ಎಂದು. ಅದಕ್ಕೆ ಉತ್ತರ ಬಂದರೆ ಅರಿವು ಇದೆ ಎಂದರ್ಥ.

ಆದ್ದರಿಂದ ನೆಲೆಗಳಲ್ಲಿ ನಡೆಯುವ ತರಬೇತಿ ಬಹಳ ಸರಳವಾದದ್ದು. ಅಪಾಯಕಾರಿ ತ್ಯಾಜ್ಯದ ಡ್ರಮ್ಮಿಗೆ ಅಂಟುಚೀಟಿ ಇರಬೇಕು, ಸುರಿಯುವಾಗ ಹೊರತು ಮುಚ್ಚಳ ಮುಚ್ಚಿಯೇ ಇರಬೇಕು. ಬಳಸಿದ ಎಂಜಿನ್ ಎಣ್ಣೆಗೆ ದ್ರಾವಕ ಬೆರೆಸಬಾರದು. ಬೆರೆಸಿದರೆ ಮರುಬಳಕೆಗೆ ಹೋಗಬೇಕಾದ ಎಣ್ಣೆಯೂ ಅಪಾಯಕಾರಿ ತ್ಯಾಜ್ಯವಾಗುತ್ತದೆ. ವಾಹನವನ್ನು ತೊಳೆಯುವ ಕಟ್ಟೆಯ ಮೇಲೆಯೇ ತೊಳೆಯಬೇಕು, ಮಳೆನೀರಿನ ಚರಂಡಿಯ ಪಕ್ಕದಲ್ಲಲ್ಲ. ಚೆಲ್ಲಿದ್ದನ್ನು ಹೀರುವ ಸಾಮಗ್ರಿಯ ಪೆಟ್ಟಿಗೆ ಎಲ್ಲಿದೆ ಎಂಬುದು ಆ ಪಾಳಿಯ ಎಲ್ಲರಿಗೂ ತಿಳಿದಿರಬೇಕು. ಚೆಲ್ಲಿದಾಗ ಮುಚ್ಚಿಡದೆ ತಿಳಿಸಬೇಕು. ಕೊನೆಯದು ಹೇಳಲು ಸುಲಭ, ನಡೆಸಲು ಕಷ್ಟ. ತಿಳಿಸಿದವನಿಗೇ ನೋಟಿಸು ಸಿಗುವ ಕಚೇರಿಯಲ್ಲಿ ಮುಂದಿನ ಸಲ ಯಾರೂ ತಿಳಿಸುವುದಿಲ್ಲ. ಮೇಲಧಿಕಾರಿಗಳು ಇದನ್ನು ಮನಗಾಣದಿದ್ದರೆ ಎಷ್ಟು ತರಬೇತಿ ನೀಡಿದರೂ ಹಾಜರಾತಿ ಪುಸ್ತಕದಲ್ಲಿ ಸಹಿಗಳು ಸೇರುತ್ತವೆ ಅಷ್ಟೆ.

ವ್ಯವಸ್ಥೆ ಜಾರಿಯಾದ ಮಾತ್ರಕ್ಕೆ ಎಲ್ಲವೂ ಸರಿಹೋಯಿತೆಂದು ಭಾವಿಸಲಾಗದು. ಇಂಧನದ ಬೆಂಕಿ ಆರಿಸಲು ವಿಮಾನ ನಿಲ್ದಾಣಗಳಲ್ಲಿ ದಶಕಗಳ ಕಾಲ ಬಳಸಿದ ಒಂದು ಬಗೆಯ ನೊರೆಯಲ್ಲಿ ಪಿಎಫ್‌ಎಎಸ್ ಎಂಬ, ಸುಲಭವಾಗಿ ಕೊಳೆಯದ ರಾಸಾಯನಿಕಗಳಿದ್ದವು. ಸೇನಾ ವಿಮಾನ ನೆಲೆಗಳ ಸುತ್ತಲಿನ ಅಂತರ್ಜಲದಲ್ಲಿ ಅವು ಕಂಡುಬಂದಿವೆ. ಅವುಗಳಲ್ಲಿ ಕೆಲವಕ್ಕೆ ಅಮೆರಿಕದಲ್ಲಿ ಕುಡಿಯುವ ನೀರಿನ ಮಿತಿ ಬಂದದ್ದು 2024ರಲ್ಲಿ. ಮತ್ತೆ ಅದೇ ಕ್ರಮ: ಬಳಕೆ ಮೊದಲು, ಮಿತಿ ಬಹುಕಾಲದ ನಂತರ.

ಗ್ರಾಮ ಪಂಚಾಯಿತಿಯ ಮಟ್ಟದಲ್ಲಿ

ಗ್ರಾಮ ಪಂಚಾಯಿತಿ ಸೇನಾ ನೆಲೆಯಲ್ಲ, ಅದಕ್ಕೆ ಐಎಸ್‌ಒ ಪ್ರಮಾಣಪತ್ರದ ಅಗತ್ಯವೂ ಇಲ್ಲ. ಆದರೆ ಕೆಲಸ, ಅಂಶ, ಪರಿಣಾಮ ಎಂಬ ಮೂರು ಕಲಂಗಳ ಪಟ್ಟಿ ಬರೆಯಲು ಯಾವ ಅನುದಾನವೂ ಬೇಕಿಲ್ಲ. ನೀರುಗಂಟಿ, ಸ್ವಚ್ಛವಾಹಿನಿಯ ಚಾಲಕಿ, ಸ್ವಚ್ಛ ಸಂಕೀರ್ಣದ ಕೆಲಸಗಾರರು, ಕರವಸೂಲಿಗಾರ ಇವರನ್ನು ಒಟ್ಟಿಗೆ ಕೂರಿಸಿ ಕೇಳಿದರೆ ಅರ್ಧ ದಿನದಲ್ಲಿ ಪಟ್ಟಿ ಸಿದ್ಧವಾಗುತ್ತದೆ. ಯಾವ ಕೊಳವೆಬಾವಿಯ ಪಕ್ಕದಲ್ಲಿ ಗ್ಯಾರೇಜ್ ಇದೆ, ಹಳೆಯ ಎಂಜಿನ್ ಎಣ್ಣೆಯನ್ನು ಎಲ್ಲಿ ಸುರಿಯುತ್ತಾರೆ, ಯಾವ ತೊಂಬೆಯ ಬಳಿ ಕ್ರಿಮಿನಾಶಕದ ಡಬ್ಬಿಗಳನ್ನು ತೊಳೆಯುತ್ತಾರೆ, ಬ್ಲೀಚಿಂಗ್ ಪುಡಿಯ ಚೀಲ ಎಲ್ಲಿ ಬಾಯಿ ತೆರೆದು ಬಿದ್ದಿದೆ ಎಂಬುದು ಕಡತದಲ್ಲಿ ಇರುವುದಿಲ್ಲ, ಇವರಿಗೆ ತಿಳಿದಿರುತ್ತದೆ.

ಜಲ ಜೀವನ್ ಮಿಷನ್ ಮಾರ್ಗಸೂಚಿಯಂತೆ ಪ್ರತಿ ಗ್ರಾಮದಲ್ಲಿ ಐವರು ಮಹಿಳೆಯರಿಗೆ ಕ್ಷೇತ್ರ ಪರೀಕ್ಷಾ ಕಿಟ್ ಬಳಸುವ ತರಬೇತಿ ನೀಡಲಾಗುತ್ತದೆ. ಫ್ಲೋರೈಡ್, ನೈಟ್ರೇಟ್, ಗಡಸುತನ ಮುಂತಾದವುಗಳನ್ನು ಕಿಟ್ ತೋರಿಸುತ್ತದೆ. ಟ್ರೈಕ್ಲೋರೋಎಥಿಲೀನ್‌ನಂತಹ ದ್ರಾವಕವನ್ನು ಅದು ತೋರಿಸುವುದಿಲ್ಲ, ಅದಕ್ಕೆ ಪ್ರಯೋಗಾಲಯವೇ ಬೇಕು. ಗ್ಯಾರೇಜ್, ಪೆಟ್ರೋಲ್ ಬಂಕ್, ಕೈಗಾರಿಕಾ ಪ್ರದೇಶ ಹತ್ತಿರವಿರುವ ಬಾವಿಯ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸುವಾಗ ಆ ಸಂಗತಿಯನ್ನು ಮಾದರಿಯೊಂದಿಗೆ ಬರೆದು ತಿಳಿಸಿದರೆ, ಏನನ್ನು ಹುಡುಕಬೇಕೆಂದು ಪರೀಕ್ಷಕರಿಗೆ ಸೂಚನೆ ದೊರೆಯುತ್ತದೆ.

ಮಾದರಿ ತೆಗೆಯುವ ಕ್ರಮದಲ್ಲಿಯೂ ಲೆಜೂನ್‌ನ ಪಾಠ ನೇರವಾಗಿ ಅನ್ವಯಿಸುತ್ತದೆ. ಮೂರು ಕೊಳವೆಬಾವಿಗಳ ನೀರು ಒಂದೇ ಟ್ಯಾಂಕಿಗೆ ಹೋಗುವ ಗ್ರಾಮಗಳು ಅನೇಕ. ಬೇಸಿಗೆಯಲ್ಲಿ ಒಂದು ಬತ್ತಿದಾಗ ಇನ್ನೊಂದನ್ನು ಚಾಲನೆ ಮಾಡಲಾಗುತ್ತದೆ, ಪಕ್ಕದ ವಾರ್ಡಿನಿಂದ ಕವಾಟ ತಿರುಗಿಸಲಾಗುತ್ತದೆ. ಟ್ಯಾಂಕಿನ ಕೆಳಗಿನ ನಲ್ಲಿಯಿಂದ ತೆಗೆದ ಮಾದರಿ ಅಂದು ಯಾವ ಬಾವಿ ನಡೆಯುತ್ತಿತ್ತೋ ಅದರ ಕಥೆಯನ್ನು ಮಾತ್ರ ಹೇಳುತ್ತದೆ. ಮಾದರಿ ಬಾಟಲಿಯ ಚೀಟಿಯಲ್ಲಿ ದಿನಾಂಕ, ಗ್ರಾಮದ ಹೆಸರುಗಳ ಜೊತೆಗೆ ಅಂದು ಚಾಲನೆಯಲ್ಲಿದ್ದ ಬಾವಿಯ ಗುರುತನ್ನೂ ಬರೆಯುವುದು, ಮತ್ತು ಬಾವಿಗಳನ್ನು ಬೇರೆಬೇರೆಯಾಗಿ ಪರೀಕ್ಷೆಗೆ ಕಳುಹಿಸುವುದು ಸೂಕ್ತ. ನೀರುಗಂಟಿಯ ದಿನವಹಿಯಲ್ಲಿ ಯಾವ ಮೋಟಾರು ಎಷ್ಟು ಹೊತ್ತು ನಡೆಯಿತು, ಯಾವ ಕವಾಟ ಯಾವ ಕಡೆಗೆ ತಿರುಗಿತು ಎಂಬ ಎರಡು ಸಾಲು ಇದ್ದರೆ, ಮುಂದೊಂದು ದಿನ ಅದಕ್ಕೆ ಪ್ರಯೋಗಾಲಯದ ವರದಿಯಷ್ಟೇ ಬೆಲೆ ಬರಬಹುದು.

ಇನ್ನು ವರದಿಯ ವಿಷಯ. ಪ್ರಯೋಗಾಲಯದಿಂದ ಬಂದ ಕಾಗದದಲ್ಲಿ ಬಹುತೇಕ ಕಣ್ಣು ಹೋಗುವುದು 'ಕುಡಿಯಲು ಯೋಗ್ಯ' ಅಥವಾ 'ಯೋಗ್ಯವಲ್ಲ' ಎಂಬ ಸಾಲಿಗೆ. ಆ ಸಾಲಿನ ಆಚೆ, ಷರಾ ಕಲಂನಲ್ಲಿ ಅಥವಾ ಅಂಚಿನಲ್ಲಿ ಪರೀಕ್ಷಕರು ಏನಾದರೂ ಬರೆದಿದ್ದರೆ ಅದನ್ನು ಓದಿ, ಅರ್ಥವಾಗದಿದ್ದರೆ ಅದೇ ದಿನ ಪ್ರಯೋಗಾಲಯಕ್ಕೆ ದೂರವಾಣಿ ಮಾಡಿ ಕೇಳಿ, ಅವರ ಉತ್ತರವನ್ನು ವರದಿಯ ಮೇಲೆಯೇ ದಿನಾಂಕಸಹಿತ ಬರೆದು, ಗ್ರಾಮ ನೀರು ಮತ್ತು ನೈರ್ಮಲ್ಯ ಸಮಿತಿಯ ಮುಂದಿನ ಸಭೆಯಲ್ಲಿ ಮಂಡಿಸಬಹುದು. ಸಭೆಗೆ ಇನ್ನೂ ಹದಿನೈದು ದಿನವಿದ್ದು ಷರಾ ಗಂಭೀರವಾಗಿದ್ದರೆ ಸಭೆಗೆ ಕಾಯಬೇಕಿಲ್ಲ. ಬಾವಿಯ ಮೋಟಾರನ್ನು ನಿಲ್ಲಿಸಿ, ಟ್ಯಾಂಕರ್ ನೀರಿಗೆ ವ್ಯವಸ್ಥೆ ಮಾಡಿ, ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆಯ ಎಂಜಿನಿಯರರಿಗೆ ಬರಹದಲ್ಲಿ ತಿಳಿಸಿದ ಮೇಲೆ ಮರುಪರೀಕ್ಷೆಗೆ ಮಾದರಿ ಕಳುಹಿಸಬಹುದು.